ಮನೆಗೊಬ್ಬ

ಹಿತ್ತಲಿನ ಚಪ್ಪರದಡಿ ಕಾಯಿ ಒಡೆಯುವ ಸದ್ದು ಬೆಳಗಿನಿಂದ ನಡೆದೇ ಇತ್ತು. ವರ್ಷವಿಡೀ ಅಟ್ಟದ ಮೇಲೆ ಒಣಗಿ, ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನುವ ಕಾಯಿಗಳನ್ನು ಹೆಂಗಸರು ಒಂದೊಂದಾಗಿ ಕೈಗೆತ್ತಿಕೊಂಡು, ಮಚ್ಚಿನ ಬೆನ್ನಿನಿಂದ ಹದವಾಗಿ ಬಡಿದು, ಕೊಬ್ಬರಿಗೆ ಪೆಟ್ಟಾಗದಂತೆ ಚಿಪ್ಪು ಬಿಡಿಸುತ್ತಿದ್ದರು. ಈ ಕೆಲಸದಲ್ಲಿ ತಿಮ್ಮಕ್ಕನನ್ನು ಮೀರಿಸಿದವರು ಹೊನ್ನೇಕೊಪ್ಪಲಿನಲ್ಲಿ ಇರಲಿಲ್ಲ. ಅಂಥವಳ ಮುಂದೆ ಇಂದು ಸೀಳಿದ ಕೊಬ್ಬರಿ ಬಿದ್ದಿದ್ದವು. ಮಜ್ಜಿಗೆಯ ತಂಬಿಗೆ ಹಿಡಿದು ಬಂದ ಶಾಂತಾದೇವಿ ಅದನ್ನು ನೋಡಿ ನಿಂತರು.

"ಏನೇ ತಿಮ್ಮಕ್ಕ, ಕಣ್ಣು ಎಲ್ಲಿಟ್ಕೊಂಡಿದೀಯ? ಉಂಡೆ ಕೊಬ್ಬರಿ ಹೋಳಾದ್ರೆ ಅದಕ್ಕೇನು ಬೆಲೆ ಬತ್ತದೆ?"

ತಿಮ್ಮಕ್ಕ ಮಚ್ಚು ಕೆಳಗಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಒರೆಸಿಕೊಂಡದ್ದು ಬೆವರನ್ನಲ್ಲ ಎಂಬುದು ಶಾಂತಾದೇವಿಗೆ ತಿಳಿಯಿತು.

"ಸಣ್ಣಯ್ಯ ಮಿಲಿಟ್ರಿಗೆ ಹೆಸ್ರು ಕೊಟ್ಟು ಬಂದವ್ನೆ ಅವ್ವಾರೆ. ನಿನ್ನೆ ಹಳೇಬೀಡ್ನಾಗೆ ಸಭೆ ಆಯ್ತಲ್ಲ, ಅಲ್ಲಿ."

"ಅಯ್ಯೋ! ಇರೋ ಒಬ್ಬ ಮಗ. ಯಾರು ಹೋಗು ಅಂದ್ರು ಅವನಿಗೆ?"

ತಿಮ್ಮಕ್ಕ ತಲೆಯೆತ್ತಿ ಒಡತಿಯ ಮುಖವನ್ನೇ ನೋಡಿದಳು. "ನಿಮ್ಗೆ ಗೊತ್ತಿಲ್ವಾ? ಯಜಮಾನ್ರೇ ಸಭೇಲಿ ಎದ್ದು ನಿಂತು, ನನ್ ಮಗನೇ ಮೊದ್ಲು ಹೋಯ್ತಾನೆ, ಮನೆಗೊಬ್ಬ ಬನ್ನಿ ಅಂದ್ರಂತೆ. ಚಿಕ್ಕ ಧಣಿಗಳೇ ಹೋಯ್ತಾರೆ ಅಂದ್ಮೇಲೆ ನಾನ್ ಹಿಂದೆ ಉಳಿಯೋದಾ ಅಂತ ಇವ್ನೂ ಕೈ ಎತ್ತವ್ನೆ. ನಿಮ್ ತೋಟ ಪಾಲಿಗೆ ಮಾಡೋ ಮನೆಗಳಿಂದ್ಲೂ ಎದ್ರಂತೆ. ಅವ್ರು ಏಳದೆ ಇದ್ದಾರಾ? ಎಲ್ಲ ನಿಮ್ ನಂಬ್ಕೊಂಡು ಇರೋರು."

ಶಾಂತಾದೇವಿ ಮಜ್ಜಿಗೆ ಬಗ್ಗಿಸಿಕೊಟ್ಟರು. ಲೋಟ ತುಂಬಿ ನೆಲಕ್ಕೆ ಚೆಲ್ಲಿದ ಮೇಲೆ ಅವರಿಗೆ ಎಚ್ಚರವಾಯಿತು.

ಒಳಗೆ ಷಡಕ್ಷರಪ್ಪ ಲಿಂಗಪೂಜೆಗೆ ಕುಳಿತಿದ್ದರು. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ, ಊರಿನಲ್ಲಿ ತೆಂಗಿನ ತೋಟ, ಮಠದಲ್ಲಿ ಮುಂದಿನ ಸಾಲಿನ ಚಾಪೆ; ಇಷ್ಟು ಇದ್ದ ಮನುಷ್ಯ. ನಿನ್ನೆ ಸಂಜೆ ಸಭೆಯಿಂದ ಬಂದವರು ಹೊಟ್ಟೆ ಸರಿಯಿಲ್ಲವೆಂದು ಬರೀ ಮಜ್ಜಿಗೆ ಕುಡಿದು ಮಲಗಿದ್ದರು. ಶಾಂತಾದೇವಿ ಬಾಗಿಲ ಬಳಿ ಕಾದು ನಿಂತರು. ಪೂಜೆ ಮುಗಿಯುವ ತನಕ ಮಾತನಾಡಬಾರದೆಂಬ ನಿಯಮವನ್ನು ಮದುವೆಯಾದಂದಿನಿಂದ ಅವರು ಮುರಿದಿರಲಿಲ್ಲ. ಇಂದೂ ಮುರಿಯಲಿಲ್ಲ. ಆದರೆ ಷಡಕ್ಷರಪ್ಪ ಹೆಂಡತಿಯ ಕಾಲುಗಳನ್ನು ಕಡೆಗಣ್ಣಿನಲ್ಲಿ ಕಂಡು, ಮುಗಿದ ಪೂಜೆಯನ್ನೇ ಮತ್ತಷ್ಟು ಹೊತ್ತು ಮುಂದುವರಿಸಿದರು.

"ಏನ್ರೀ, ನನ್ನ ಮಗನ್ನ ದಂಡಿಗೆ ಕೊಟ್ಟು ಬಂದ್ರಂತೆ?"

ಷಡಕ್ಷರಪ್ಪ ಲಿಂಗವನ್ನು ಕರಡಿಗೆಯಲ್ಲಿ ಇಟ್ಟುಕೊಂಡು, ವಸ್ತ್ರ ಮಡಿಸುತ್ತ ಹೇಳಿದರು: "ಕೊಟ್ಟೆ ಅಂತ ಅಲ್ಲ ಕಣೇ. ಮಾತು ಹಂಗೆ ಬಂತು. ಕಂದಾಯದ ಶೇಕ್ದಾರ್ರು ಗಂಗಾಧರಯ್ಯ ಒಂದು ಗಂಟೆ ಮಾತಾಡಿದ್ರು. ಯುದ್ಧದಲ್ಲಿ ಬರ್ಮಾ ಹೋಯ್ತು, ಕಾಕಿನಾಡದ ಮೇಲೆ ಬಾಂಬು ಬಿತ್ತು, ನಾಳೆ ನಮ್ಮ ಮೇಲೆ ಬೀಳಲ್ಲ ಅಂತ ಏನು ಗ್ಯಾರಂಟಿ ಅಂದ್ರು. ಬೇಲೂರಿನ ಕಡೆಯವರು ಗುಂಪುಗುಂಪಾಗಿ ಬಂದವ್ರೆ, ನಿಮ್ಮ ಹೋಬಳೀಲಿ ಗಂಡಸರಿಲ್ವಾ ಅಂದ್ರು. ಒಬ್ಬನೂ ಅಲ್ಲಾಡಲಿಲ್ಲ. ನೀವೊಂದು ಮಾತು ಹೇಳಿ ಅಂತ ನನ್ನ ಎಬ್ಬಿಸಿದ್ರು. ನಾನೂ ಹೇಳ್ದೆ, ಮನೆಗೊಬ್ಬ ಅಂದ್ರೆ ಅದರಲ್ಲಿ ಬಡವ ಬಲ್ಲಿದ ಅನ್ನೋದಿಲ್ಲ, ಅದೇ ನ್ಯಾಯ ಅಂತ. ಹಿಂದಿನಿಂದ ಯಾವನೋ ಕೂಗ್ದ, ನಿಮ್ಮ ಮನೆಯಿಂದ ಯಾರು ಸಾವ್ಕಾರ್ರೇ ಅಂತ. ಅಷ್ಟು ಜನದ ಮುಂದೆ ಏನು ಹೇಳ್ಲಿ? ನನ್ನ ಮಗನೇ ಮೊದಲು ಅಂದುಬಿಟ್ಟೆ."

"ನನ್ನ ಕೇಳಿದ್ರಾ? ಅವನ್ನ ಕೇಳಿದ್ರಾ?"

"ಕೇಳೋಕೆ ಹೊತ್ತೆಲ್ಲಿತ್ತು?" ಅವರ ದನಿ ಏರಿತು. "ನಾನು ಹೇಳಿದ್ದು ಸುಳ್ಳಾ? ಎಲ್ಲರೂ ಅವರವರ ಮಕ್ಕಳನ್ನ ಸೆರಗಿನಲ್ಲಿ ಕಟ್ಕೊಂಡು ಕೂತ್ರೆ, ಊರು ಕಾಯೋರು ಯಾರು?"

"ಊರು ಕಾಯೋ ಮಾತು ಆಡೋರು ಮೊದಲು ಮನೇಲಿ ಆಡ್ಬೇಕಿತ್ತು."

ನಡುಮನೆಯ ಬಾಗಿಲಲ್ಲಿ ಇಂದುಧರ ನಿಂತಿದ್ದ. ಹಾಸನದಲ್ಲಿ ಓದು ಮುಗಿಸಿ ಬಂದು ಮಂಡಿಯ ವ್ಯವಹಾರ ಕಲಿಯುತ್ತಿದ್ದ ತೆಳ್ಳನೆಯ ಹುಡುಗ. ಅಪ್ಪನ ಮಾತು ಅವನಿಗೆ ನಿನ್ನೆ ರಾತ್ರಿಯೇ ಗೆಳೆಯರಿಂದ ಗೊತ್ತಾಗಿತ್ತು. ಅವನು ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ.

"ನನಗೆ ಹೆದರಿಕೆ ಆಗ್ತಿದೆ ಅಪ್ಪಾಜಿ," ಎಂದ. ಅಷ್ಟೇ ಹೇಳಿದ. ಹೇಳಿದ್ದಕ್ಕೆ ನಾಚಿ ತಲೆ ತಗ್ಗಿಸಿದ.

ಷಡಕ್ಷರಪ್ಪನವರ ಮುಖದ ಬಿಗಿ ಒಮ್ಮೆಗೇ ಇಳಿಯಿತು. ಯಾರ ಕಡೆಗೂ ನೋಡದೆ, ಮೆಲ್ಲಗೆ ಹೇಳಿದರು: "ಮಂಗಳವಾರ ಅರಸೀಕೆರೇಲಿ ಡಾಕ್ಟರು ಪರೀಕ್ಷೆ ಮಾಡ್ತಾರೆ. ಅವರು ಬೇಡ ಅಂದ್ರೆ ಮುಗೀತು. ಮಾತು ತಪ್ಪಿದ ಅಂತ ನನ್ನ ಯಾರೂ ಅನ್ನಂಗಿಲ್ಲ. ಬಂದೂಕಿನ ಕುದುರೆ ಎಳೆಯೋದು ತೋರುಬೆರಳು. ಅದು ನೆಟ್ಟಗಿಲ್ಲದೋರನ್ನ ತಗೊಳ್ಳಲ್ವಂತೆ." ಮಡಿಸಿದ ವಸ್ತ್ರವನ್ನೇ ಮತ್ತೆ ಬಿಚ್ಚಿ ಮಡಿಸುತ್ತ, "ಬಸ್ತಿಹಳ್ಳೀಲಿ ಬೋರಮ್ಮ ಅಂತ ಒಬ್ಬಳು ಮೂಳೆ ಕಟ್ಟೋಳು ಇದಾಳೆ," ಎಂದರು.

ಶಾಂತಾದೇವಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಮೈ ಜುಮ್ಮೆಂದಿತು. ಆದರೆ ಬೆರಳು ಹೋದರೂ ಮಗ ಉಳಿಯುತ್ತಾನಲ್ಲ ಎಂಬ ಆಸೆ ಆ ನಡುಕದ ಹಿಂದೆಯೇ ಬಂತು. ತಾಯಿಯ ಲೆಕ್ಕ ಅಲ್ಲಿಗೆ ಮುಗಿದುಹೋಯಿತು. ಉಳಿದವರ ಮಕ್ಕಳ ವಿಚಾರ ಅವರಿಗೆ ಆಗ ಹೊಳೆಯಲಿಲ್ಲ.

ಭಾನುವಾರ ಮಧ್ಯಾಹ್ನ, ಬಿಸಿಲಿಗೆ ಜನ ಒಳಗೆ ಸೇರಿದ ಹೊತ್ತಿನಲ್ಲಿ, ಕಮಾನು ಗಾಡಿಯಲ್ಲಿ ತಾಯಿ ಮಗ ಬಸ್ತಿಹಳ್ಳಿಗೆ ಹೋದರು. ಯಾರಾದರೂ ಕೇಳಿದರೆ ಕೈ ಉಳುಕಿದೆ ಎನ್ನುವುದೆಂದು ಮಾತಾಗಿತ್ತು. ದಾರಿಯುದ್ದಕ್ಕೂ ಇಂದುಧರ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕುಳಿತಿದ್ದ. ಇನ್ನೂ ಆಗದ ನೋವು ಆಗಲೇ ಶುರುವಾದಂತೆ. ಬಸದಿಗಳ ಹಿಂದಿನ ಓಣಿಯಲ್ಲಿ ಬೋರಮ್ಮನ ಮನೆ. ಗಾಡಿಯನ್ನು ಮನೆಯ ಮುಂದೆ ನಿಲ್ಲಿಸದೆ ಹುಣಸೆ ಮರದ ಮರೆಗೆ ಬಿಡಿಸಿದರು.

ಬೋರಮ್ಮ ಗಟ್ಟಿ ಮೈಕಟ್ಟಿನ ಮುದುಕಿ. ಬಿದಿರಿನ ದಬ್ಬೆ, ಹಳೆ ಬಟ್ಟೆ, ಎಣ್ಣೆಯ ಗಿಂಡಿ ಅವಳ ಸುತ್ತ ಹರಡಿದ್ದವು. ಶಾಂತಾದೇವಿ ತಡವರಿಸುತ್ತ ಮಾತು ಆರಂಭಿಸಿದಾಗ ಅವಳು ಕೈಯೆತ್ತಿ ತಡೆದಳು.

"ಗೊತ್ತಾಯ್ತು ಬುಡವ್ವ. ಮೊನ್ನೆ ಸಭೆ ಆದಾಗ್ಲಿಂದ ಇದೇ ಆಗೈತೆ. ಬೆಳಿಗ್ಗೆ ಒಬ್ಬಂದು ಮಾಡ್ದೆ. ಮಾಡ್ಬುಟ್ಟು ಒಂದ್ ತುತ್ತು ಉಣ್ಣಕ್ಕಾಗ್ಲಿಲ್ಲ." ಅವಳ ದನಿಯಲ್ಲಿ ಸಿಟ್ಟಿತ್ತು, ಯಾರ ಮೇಲೆ ಎಂಬುದು ಅವಳಿಗೂ ಸ್ಪಷ್ಟವಿದ್ದಂತಿರಲಿಲ್ಲ. "ನಂಗೆ ಕಟ್ಟೋದು ಗೊತ್ತು. ಮುರಿಯಾದು ಕಲಿಸ್ತಾವ್ರೆ ಈಗ. ಕಟ್ಟಿದ್ರೂ ಅದು ಮೊದ್ಲಿನಂಗೆ ಬಾಗಾಕಿಲ್ಲ, ತಿಳೀತಾ? ಆಮೇಲೆ ನನ್ ಬೈಬ್ಯಾಡಿ."

"ಇಲ್ಲ ತಾಯಿ, ಬೈಯಲ್ಲ," ಎಂದರು ಶಾಂತಾದೇವಿ. ಬೇಗ ಆಗಿಹೋದರೆ ಸಾಕಾಗಿತ್ತು ಅವರಿಗೆ.

ಬೋರಮ್ಮ ಬಾಗಿಲು ಮುಂದೆ ಮಾಡಿದಳು. ಚಪ್ಪಟೆ ಕಲ್ಲೊಂದನ್ನು ಎಳೆದು ಅದರ ಮೇಲೆ ಬಟ್ಟೆ ಹಾಸಿದಳು. ಇಂದುಧರನ ಕೈಯನ್ನು ಅದರ ಮೇಲಿರಿಸಿ, ಉಳಿದ ಬೆರಳುಗಳನ್ನು ಮಡಿಸಿ, ತೋರುಬೆರಳನ್ನು ಮಾತ್ರ ಚಾಚಿಸಿದಳು. ಕಚ್ಚಿಕೊಳ್ಳಲು ಬಟ್ಟೆಯ ಉಂಡೆ ಕೊಟ್ಟಳು. ಶಾಂತಾದೇವಿ ಮಗನ ಮೊಣಕೈಯನ್ನು ಎರಡೂ ಕೈಯಿಂದ ಅದುಮಿ ಹಿಡಿದರು. ಹುಡುಗನ ನಾಡಿ ಅವರ ಅಂಗೈಗೆ ಬಡಿಯುತ್ತಿತ್ತು. ಚಿಕ್ಕವನಿದ್ದಾಗ ಇದೇ ಬೆರಳನ್ನು ಹಿಡಿದು ಮರಳಿನಲ್ಲಿ ಅಕ್ಷರ ತಿದ್ದಿಸಿದ್ದು ನೆನಪಾಗಿ ಅವರು ಕಣ್ಣು ಮುಚ್ಚಿಕೊಂಡರು.

ಬೋರಮ್ಮ ಗುಂಡುಕಲ್ಲು ಎತ್ತಿದಳು.

"ಬೋರಮ್ಮಾ... ಒಳಗಿದೀಯಾ?"

ಹೊರಗಿನಿಂದ ಬಂದ ದನಿ. ದಿನಾ ಹಿತ್ತಲಿನಲ್ಲಿ ಕೇಳುವ ದನಿ. ಅದರ ಹಿಂದೆಯೇ ಇನ್ನೊಂದು, ಗಂಡು ದನಿ: "ಬ್ಯಾಡ ಕಣವ್ವ, ನಡಿ, ನಂಗೇನೂ ಮಾಡಿಸ್ಬ್ಯಾಡ."

ಇಂದುಧರ ಸರಕ್ಕನೆ ಕೈ ಹಿಂದಕ್ಕೆ ಎಳೆದುಕೊಂಡ. ಬಾಯಿಯ ಬಟ್ಟೆ ಉಗುಳಿದ. "ಸಣ್ಣಯ್ಯ," ಎಂದ.

ಬಾಗಿಲು ತಳ್ಳಿಕೊಂಡು ಬಂದ ತಿಮ್ಮಕ್ಕ ಹೊಸಿಲಲ್ಲೇ ನಿಂತುಬಿಟ್ಟಳು. ಕಲ್ಲು ನೋಡಿದಳು, ಬಟ್ಟೆ ನೋಡಿದಳು, ಎದೆಗೆ ಅವಚಿಕೊಂಡ ಚಿಕ್ಕ ಧಣಿಯ ಕೈ ನೋಡಿದಳು. ಕೊನೆಗೆ ಶಾಂತಾದೇವಿಯನ್ನು ನೋಡಿದಳು. ಆ ನೋಟದಲ್ಲಿ ಬೈಗುಳ ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

"ಹಂಗಾರೆ ಚಿಕ್ಕ ಧಣಿ ಹೋಗಾಕಿಲ್ಲ," ಎಂದಳು ತಿಮ್ಮಕ್ಕ. ಕೇಳಿದ್ದಲ್ಲ, ತನಗೆ ತಾನೇ ಹೇಳಿಕೊಂಡದ್ದು. "ಇವ್ನು ಅವ್ರ ಜೊತೇಲಿರ್ತೀನಿ ಅಂತ ಕೈ ಎತ್ತಿದ್ದ."

ಬೋರಮ್ಮ ಗುಂಡುಕಲ್ಲನ್ನು ಕೆಳಗಿಟ್ಟಳು. "ನೀನೂ ಅದಕ್ಕೇ ಬಂದೆಯೇನವ್ವ? ಏನ್ ಕೆಲ್ಸ ಮಾಡ್ತಾನೆ ನಿನ್ ಮಗ?"

"ಕಾಯಿ ಸುಲೀತಾನೆ."

"ತೋರುಬೆಳ್ಳಿಲ್ದೆ ಕಾಯಿ ಹೆಂಗ್ ಹಿಡಿದಾನು? ಸಾವ್ಕಾರ್ರ ಮಗನ ಕತೆ ಬ್ಯಾರೆ. ಒಂದ್ ಬೆಳ್ಳು ಹೋದ್ರೂ ಅವ್ನ ತಟ್ಟೆಗೆ ಅನ್ನ ಬತ್ತದೆ. ಇವ್ನಿಗೆ?"

"ಅದುನ್ನೇ ನಾನೂ ಹೇಳ್ತಿರಾದು," ಎಂದ ಸಣ್ಣಯ್ಯ. ಎದೆಯುಬ್ಬಿದ, ಬಿಸಿಲಿಗೆ ಕಪ್ಪಾದ ಹುಡುಗ. ಇಂದುಧರನ ವಾರಿಗೆಯವನೇ, ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಕೆರೆಯಲ್ಲಿ ಈಜು ಕಲಿತವರು. "ದಂಡಿಗೆ ಹೋದ್ರೆ ಬಂದ್ರೆ ಬಂದೆ, ಇಲ್ದಿದ್ರಿಲ್ಲ. ಕೈ ಮುರ್ಕೊಂಡ್ ಕೂತ್ರೆ ನಮ್ಮವ್ವನ್ನ ನಾನ್ ಸಾಕಾದಾ, ನನ್ನ ಅವಳು ಸಾಕಾದಾ?" ಆಮೇಲೆ ಇಂದುಧರನ ಕಡೆ ತಿರುಗಿ, ದನಿ ತಗ್ಗಿಸಿ, "ನೀವು ಮಾಡಿಸ್ಕಳಿ ಧಣಿ. ನಾನ್ ಯಾರ್ಗೂ ಹೇಳಾಕಿಲ್ಲ," ಎಂದ.

ಬೈದಿದ್ದರೆ ಇಂದುಧರ ಅಳುತ್ತಿರಲಿಲ್ಲ. ಅವನು ಗೋಡೆಗೆ ಮುಖ ಮಾಡಿ ನಿಂತ.

ಶಾಂತಾದೇವಿಗೆ ತಮ್ಮ ಮನೆಯ ಹಿತ್ತಲು ಕಣ್ಮುಂದೆ ಬಂತು. ತಿಮ್ಮಕ್ಕ ಬೆಳಿಗ್ಗೆ ಬೇಗ ಬರುವುದು, ಕತ್ತಲಾದ ಮೇಲೆ ಹೋಗುವುದು, ಹಬ್ಬಕ್ಕೆ ಕೊಟ್ಟ ಹಳೆ ಸೀರೆಯನ್ನು ಕಣ್ಣಿಗೊತ್ತಿಕೊಳ್ಳುವುದು. ಇವಳ ಮಗನನ್ನು ತಮ್ಮ ಮಗನ ಹೆಸರು ಹೇಳಿ ಕರೆಸಿಕೊಂಡು, ತಮ್ಮ ಮಗನನ್ನು ಮಾತ್ರ ಹಿಂಬಾಗಿಲಿನಿಂದ ಬಿಡಿಸಿಕೊಳ್ಳಲು ತಾವು ಬಂದಿದ್ದರು. ಇದಕ್ಕೆ ಏನು ಹೆಸರಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ತಿಳಿದಿದ್ದರೂ ಬಾಯಿಬಿಟ್ಟು ಹೇಳುವ ಧೈರ್ಯ ಇರುತ್ತಿರಲಿಲ್ಲ.

"ಏಳು ತಿಮ್ಮಕ್ಕ," ಎಂದರು ಕೊನೆಗೆ. ತಿಮ್ಮಕ್ಕ ಕೂತೇ ಇರಲಿಲ್ಲ, ಅದೂ ಅವರಿಗೆ ಕಾಣಲಿಲ್ಲ. "ನಡಿ, ಮನೆಗೆ ಹೋಗಣ. ಗಾಡಿ ಹತ್ತು."

ತಿಮ್ಮಕ್ಕ ಆ ಗಾಡಿಗೆ ಹುಲ್ಲು ಹಾಸಿದ್ದಳು, ಅದರ ಎತ್ತಿಗೆ ನೀರು ಕುಡಿಸಿದ್ದಳು, ಎಂದೂ ಹತ್ತಿರಲಿಲ್ಲ. ಅಂದು ಹತ್ತಿ, ಒಡತಿಯ ಎದುರಿಗೆ ಮುದುರಿಕೊಂಡು ಕುಳಿತಳು. ಹುಡುಗರಿಬ್ಬರೂ ಹಿಂದೆ ನಡೆದು ಬಂದರು. ಊರು ಮುಟ್ಟುವಾಗ ನೋಡಿದವರೆಲ್ಲ ನಿಂತು ನೋಡಿದರು. ಶಾಂತಾದೇವಿ ಗಾಡಿಯ ಪರದೆ ಇಳಿಸಲಿಲ್ಲ.

ಜಗಲಿಯ ಮೇಲೆ ಕಾಯುತ್ತಿದ್ದ ಷಡಕ್ಷರಪ್ಪ ಮಗನ ಕೈಯನ್ನೇ ಮೊದಲು ನೋಡಿದರು. ಅದು ನೆಟ್ಟಗಿತ್ತು.

"ಮಾಡಿಸಲಿಲ್ಲ," ಎಂದರು ಶಾಂತಾದೇವಿ. "ಮಾಡಿಸೋದೂ ಇಲ್ಲ. ಇವನು ಹೋಗೋದಾದ್ರೆ ಎಲ್ಲರ ಹಂಗೆ ಹೋಗ್ಲಿ. ಇಲ್ಲ ಅಂದ್ರೆ, ನಮ್ಮ ಮಾತು ಕೇಳಿ ಎದ್ದವರಿಗೆಲ್ಲ ನೀವೇ ಹೋಗಿ ಹೇಳಿ, ನನ್ನ ಮಗ ಬರಲ್ಲ, ನೀವೂ ಬರಬೇಕಾಗಿಲ್ಲ ಅಂತ."

"ತಲೆ ಕೆಟ್ಟಿದೆಯೇನೇ ನಿನಗೆ? ಶೇಕ್ದಾರ್ರು ಮೇಲಿನವರಿಗೆ ನನ್ನ ಹೆಸರು ಹೇಳಿಬಿಟ್ಟವ್ರೆ. ಮಿಲಿಟ್ರಿಗೆ ಕೊಬ್ಬರಿ ಕಳಿಸೋ ಗುತ್ತಿಗೆ ನನಗೇ ಅಂತ ಮಾತಾಗೈತೆ. ಇವತ್ತು ಹಿಂದೆ ಸರಿದ್ರೆ ಅದೂ ಹೋಯ್ತು, ಮರ್ಯಾದೆನೂ ಹೋಯ್ತು. ಮಾತು ತಪ್ಪಿದೋನು ಅನ್ನಿಸ್ಕೊಳ್ಳಲಾ ಈ ವಯಸ್ಸಿಗೆ?"

"ಮಾತು ನಿಮ್ಮದು. ಮಗ ನಿಮ್ಮೊಬ್ಬರದಲ್ಲ. ತಿಮ್ಮಕ್ಕನ ಮಗ ಅಂತೂ ನಿಮ್ಮವನೇ ಅಲ್ಲ."

ಆ ಎರಡು ದಿನ ಆ ಮನೆಯಲ್ಲಿ ಒಲೆ ಉರಿಯಿತು, ಅಡಿಗೆಯಾಯಿತು, ಬಡಿಸಿದ್ದಾಯಿತು. ಮಾತು ಮಾತ್ರ ಇರಲಿಲ್ಲ. ಷಡಕ್ಷರಪ್ಪ ಸೋಮವಾರ ಮಠದವರೆಗೂ ಹೋಗಿ, ಒಳಗೆ ಹೋಗದೆ ಹಿಂದಿರುಗಿದರೆಂದು ಗಾಡಿಯವನು ಹೇಳಿದ. ಏನು ಮಾಡುತ್ತಾರೆಂದು ಶಾಂತಾದೇವಿಗೆ ಗೊತ್ತಿರಲಿಲ್ಲ. ಬಹುಶಃ ಅವರಿಗೂ ಗೊತ್ತಿರಲಿಲ್ಲ.

ಮಂಗಳವಾರ, ಪೆಟ್ರೋಲು ಸಿಗದೆ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಏರುಗಳಲ್ಲಿ ಏದುತ್ತ, ಅಲ್ಲಲ್ಲಿ ನಿಂತು ಜನರಿಂದ ತಳ್ಳಿಸಿಕೊಳ್ಳುತ್ತ ಅರಸೀಕೆರೆ ಸೇರಿತು. ಮುಂದಿನ ಸೀಟಿನಲ್ಲಿ ಷಡಕ್ಷರಪ್ಪ, ಶಾಂತಾದೇವಿ, ಇಂದುಧರ. ಹಿಂದಿನ ಸೀಟುಗಳಲ್ಲಿ ಹೆಸರು ಕೊಟ್ಟ ಹುಡುಗರು, ಅವರ ತಾಯಂದಿರು. ಅವರಲ್ಲಿ ಚಿಕ್ಕಬೀರಯ್ಯನೆಂಬ ಉದ್ದನೆಯ ಹುಡುಗನೊಬ್ಬನ ಜೊತೆ ಮಾತ್ರ ಯಾರೂ ಬಂದಿರಲಿಲ್ಲ. ಅಪ್ಪ ಅಮ್ಮ ಇಲ್ಲದವನು. ಊರಾಚೆ ಅಜ್ಜಿಯೊಂದಿಗೆ ಎಮ್ಮೆ ಸಾಕಿಕೊಂಡಿದ್ದವನು. ಉಳಿದವರೆಲ್ಲ ಬಾಯಿ ಕಟ್ಟಿದಂತೆ ಕುಳಿತಿದ್ದರೆ, ಅವನು ಕಿಟಕಿಯಾಚೆ ನೋಡಿಕೊಂಡು ಸಿಳ್ಳೆ ಹಾಕುತ್ತಿದ್ದ.

ಪರೀಕ್ಷೆ ನಡೆಯುವುದು ರೈಲ್ವೆ ಸ್ಟೇಷನ್ನಿನ ಹತ್ತಿರದ ಬಯಲಿನಲ್ಲಿ, ಷಡಕ್ಷರಪ್ಪನವರ ಮಂಡಿಯ ಎದುರಿಗೇ. ಡೇರೆ ಹೊಡೆದಿದ್ದರು. ತೂಗುವ ತಕ್ಕಡಿ, ಎದೆ ಅಳೆಯುವ ಟೇಪು, ಬಿಳಿ ಕೋಟಿನ ಡಾಕ್ಟರು. ಕೊಬ್ಬರಿ ಪೇಟೆಯ ಹಮಾಲರು, ದಲ್ಲಾಳಿಗಳು ಸುತ್ತ ನೆರೆದಿದ್ದರು. ಮಂಡಿಯ ಒಳಗೆ ಚೀಲಗಳ ನಡುವೆ ಶಾಂತಾದೇವಿ ಕುಳಿತಿದ್ದಾಗ ಶೇಕ್ದಾರ್ ಗಂಗಾಧರಯ್ಯ ಒಳಗಿದ್ದ ಷಡಕ್ಷರಪ್ಪನವರ ಬಳಿ ಬಂದರು. ಚೀಲಗಳ ಮರೆಯಲ್ಲಿದ್ದ ಹೆಂಗಸನ್ನು ಅವರು ಗಮನಿಸಲಿಲ್ಲ.

"ಸಾವ್ಕಾರ್ರೆ, ನೀವು ಸುಮ್ಮನೆ ಕೊರಗಬೇಡಿ," ಎಂದರು ಮೆಲುದನಿಯಲ್ಲಿ. "ನಿಮ್ಮ ಹುಡುಗನ ಎದೆ ಅಳತೆ ಸಾಲದು ಅಂತ ಬರೆಸೋದು ನನಗೆ ಬಿಡಿ. ಮೊದಲು ಅವನನ್ನೇ ಕರೀತೀನಿ. ಎಲ್ಲರ ಕಣ್ಣೆದುರಿಗೆ ಅಳತೆಗೆ ನಿಲ್ಲಲಿ. ನಿಮ್ಮ ಮಾತೂ ಉಳೀತು, ಮಗನೂ ಉಳಿದ. ಉಳಿದವರು ಹಿಂದೆ ಬರ್ತಾರೆ."

ಶಾಂತಾದೇವಿಗೆ ಎಲ್ಲ ಕೇಳಿಸಿತು. ಕಲ್ಲಿಲ್ಲ, ರಕ್ತವಿಲ್ಲ, ನೋವಿಲ್ಲ. ಒಂದು ಗೀಟು ಎಳೆದರೆ ಮಗ ಮನೆಗೆ ಬರುತ್ತಾನೆ. 'ಆಗಲಿ ಎನ್ನಿ' ಎಂದು ಅವರ ಒಳಗೇ ಯಾರೋ ಕೂಗಿದರು. ಅದನ್ನು ಅವರು ಮುಂದೆಂದೂ ಯಾರಿಗೂ ಹೇಳಲಿಲ್ಲ. ಷಡಕ್ಷರಪ್ಪ ತಿರುಗಿ ಚೀಲಗಳ ಕಡೆ ನೋಡಿದರು. ಗಂಡ ಹೆಂಡಿರ ಕಣ್ಣು ಸೇರಿದವು. ಶಾಂತಾದೇವಿ ಸೆರಗನ್ನು ಬಾಯಿಗೆ ಒತ್ತಿಕೊಂಡು, ಎದ್ದು, ಅವರ ಮುಂದೆಯೇ ಹಾದು, ಬಯಲಿಗೆ ಹೋಗಿ ತಿಮ್ಮಕ್ಕನ ಪಕ್ಕದಲ್ಲಿ ನಿಂತರು.

"ಇಂದುಧರ, ಬಿನ್ ಷಡಕ್ಷರಪ್ಪ!" ಹೊರಗೆ ಕೂಗಿದರು.

ಇಂದುಧರ ಅಂಗಿಯ ಗುಂಡಿ ಬಿಚ್ಚುತ್ತ ಮುಂದೆ ಹೋದ. ಅವನ ಬೆನ್ನ ಹಿಂದೆ ಸಣ್ಣಯ್ಯ ನಿಂತಿದ್ದ. ಟೇಪು ಹಿಡಿದವನು ಎದೆಗೆ ಸುತ್ತುವಷ್ಟರಲ್ಲಿ, "ತಡೀರಿ" ಎಂಬ ಮಾತು ಕೇಳಿಸಿತು. ಷಡಕ್ಷರಪ್ಪ ಮಂಡಿಯ ಮೆಟ್ಟಿಲಿಳಿದು ಬರುತ್ತಿದ್ದರು. ಪೇಟ ಒಳಗೇ ಬಿಟ್ಟು ಬಂದಿದ್ದರು.

"ನನ್ನ ಮಗನ ಹೆಸರು ಹೊಡೆದುಹಾಕಿ," ಎಂದರು.

"ಸಾವ್ಕಾರ್ರೆ..." ಗಂಗಾಧರಯ್ಯ ಓಡಿ ಬಂದರು.

"ಇಲ್ಲ ಸ್ವಾಮಿ, ಹೇಳಿಬಿಡ್ತೀನಿ." ಹಮಾಲರು, ದಲ್ಲಾಳಿಗಳು, ಎದುರು ಮಂಡಿಯವರು ಎಲ್ಲ ನೋಡುತ್ತಿದ್ದರು. "ಸಭೇಲಿ ನನ್ನ ಮಗನ್ನ ಕೊಡ್ತೀನಿ ಅಂದೆ. ಅವನನ್ನ ಕೇಳಿರಲಿಲ್ಲ, ಹೆತ್ತವಳನ್ನ ಕೇಳಿರಲಿಲ್ಲ. ಅಂದ ಮೇಲೆ ಅವನನ್ನ ಉಳಿಸ್ಕೊಳ್ಳೋಕೆ ಕಳ್ಳದಾರಿ ಹುಡುಕಿದೆ. ಈ ಹುಡುಗರು ನನ್ನ ಮಾತು ನಂಬಿ ಎದ್ದವರು. ಕೆಲವರು ನಂಬಿ ಅಲ್ಲ, ತೋಟ ಬಿಡಿಸ್ತೀನಿ ಅಂತ ಹೆದರಿ ಎದ್ದವರು. ನಾನು ಹಂಗೆ ಬಾಯಿಬಿಟ್ಟು ಹೇಳಲಿಲ್ಲ. ಹೇಳದೇ ಅವರಿಗೆ ತಿಳೀತು, ತಿಳೀಲಿ ಅಂತ ನಾನೂ ಬಿಟ್ಟೆ. ಕೇಳ್ರಪ್ಪಾ, ಯಾರ ತೋಟಾನೂ ಬಿಡಿಸಲ್ಲ. ಮನೆಗೆ ಹೋಗೋರು ಹೋಗಿ."

ಸ್ಟೇಷನ್ನಿನಲ್ಲಿ ಎಂಜಿನ್ನು ಉಗಿ ಬಿಟ್ಟಿತು. ಗಂಗಾಧರಯ್ಯನ ಮುಖ ಕೆಂಪೇರಿತ್ತು. ಆದರೆ ಅವರು ಮಾತಾಡಿದಾಗ ಅದರಲ್ಲಿ ಬರೀ ಸಿಟ್ಟಿರಲಿಲ್ಲ.

"ನನ್ನ ತಂಗಿ ಗಂಡ ರಂಗೂನಿನಲ್ಲಿದ್ದ. ಕಾಡು ದಾಟಿ ನಡ್ಕೊಂಡು ಬಂದ ಜನ ಅವನನ್ನ ದಾರೀಲೇ ಬಿಟ್ಟು ಬಂದ್ರು. ಜನ ಇದು ಬಿಳಿಯರ ಯುದ್ಧ ಅಂತಾರೆ, ಸಾವ್ಕಾರ್ರ ಯುದ್ಧ ಅಂತಾರೆ. ಬಾಂಬು ಯಾರ ಮನೆ ಅಂತ ಕೇಳಿ ಬೀಳಲ್ಲ. ಎಲ್ಲರೂ ಹೀಗೆ ಮಗನ್ನ ಕರ್ಕೊಂಡು ಮನೆಗೆ ಹೋದ್ರೆ, ನಾಳೆ ಅಡ್ಡ ನಿಲ್ಲೋರು ಯಾರು? ಹೇಳಿ."

ಷಡಕ್ಷರಪ್ಪ ಶೇಕ್ದಾರರ ಕಡೆ ತಿರುಗಿದರು. "ನಿಮ್ಮ ಮಾತು ಸುಳ್ಳು ಅನ್ನಲ್ಲ ಸ್ವಾಮಿ," ಎಂದರು. "ಹೋಗಬೇಕು ಅನ್ನೋನು ಅವನ ಬಾಯಲ್ಲೇ ಹೇಳ್ಲಿ. ಅವನ ಪರವಾಗಿ ನಾನು ಹೇಳೋಕಾಗಲ್ಲ. ಅಷ್ಟೇ."

ಮೊದಲು ಯಾರೂ ಕದಲಲಿಲ್ಲ. ಆಮೇಲೆ ಒಬ್ಬ ಮೆಲ್ಲನೆ ಸಾಲು ಬಿಟ್ಟ. ಅವನ ತಾಯಿ ಓಡಿ ಬಂದು ರಟ್ಟೆ ಹಿಡಿದುಕೊಂಡಳು. ಇನ್ನೊಬ್ಬ ಬಿಟ್ಟ. ಸಣ್ಣಯ್ಯ ಇಂದುಧರನ ಮುಖ ನೋಡಿದ, ತಾಯಿಯ ಮುಖ ನೋಡಿದ, ಬಿಚ್ಚಿದ್ದ ಅಂಗಿಯನ್ನು ಹೆಗಲ ಮೇಲೆ ಹಾಕಿಕೊಂಡು ಈಚೆ ಬಂದ. ತಿಮ್ಮಕ್ಕ ಪಕ್ಕದಲ್ಲಿದ್ದ ಶಾಂತಾದೇವಿಯ ಕೈಯನ್ನು ಯಾರ ಕೈ ಎಂಬ ಪರಿವೆ ಇಲ್ಲದೆ ಹಿಡಿದುಕೊಂಡಳು. ಕಾಯಿ ಒಡೆದು ಒಡೆದು ಒರಟಾದ ಕೈ. ಶಾಂತಾದೇವಿ ಬಿಡಿಸಿಕೊಳ್ಳಲಿಲ್ಲ.

ಸಾಲಿನಲ್ಲಿ ಉಳಿದವನು ಚಿಕ್ಕಬೀರಯ್ಯ ಒಬ್ಬನೇ.

"ನೀನು ಹೋಗಲ್ವೇನೋ?" ಎಂದರು ಗಂಗಾಧರಯ್ಯ, ದಣಿದ ದನಿಯಲ್ಲಿ.

"ನಂಗ್ಯಾರೂ ಹೇಳಿರ್ನಿಲ್ಲ ಬುದ್ಧಿ. ಸಾವ್ಕಾರ್ರ ಮಾತಿಗೂ ಎದ್ದಿರ್ನಿಲ್ಲ. ಕಾಕಿನಾಡ್ದಾಗೆ ಮಕ್ಳು ಮರಿ ಇರೋ ಕಡೆ ಬಾಂಬ್ ಹಾಕವ್ರೆ ಅಂದ್ರಲ್ಲ, ಅದು ಕೇಳಿ ಎದ್ದೆ. ಅಳತೆ ತಗಳಿ," ಎಂದು ಅವನು ಎರಡೂ ತೋಳು ಎತ್ತಿ ನಿಂತ.

ಅವನ ಎದೆಯ ಅಳತೆ ಸರಿಯಾಗಿತ್ತು. ಸಂಜೆಯ ಗಾಡಿಗೆ ಬೆಂಗಳೂರಿಗೆ ಕಳುಹಿಸುವುದೆಂದಾಯಿತು.

ಅಷ್ಟರಲ್ಲಿ ಪೇಟೆಯಲ್ಲಿ ಸುದ್ದಿ ಹಬ್ಬಿತ್ತು. ಎದುರು ಮಂಡಿಯವರು, "ಸಾವ್ಕಾರ್ರು ಮಾತು ಕೊಟ್ಟು ವಾಪಸ್ ಇಸ್ಕೊಂಡ್ರಂತೆ" ಎಂದು ಕೇಳಿಸುವಂತೆಯೇ ಆಡಿಕೊಂಡು ನಕ್ಕರು. ಗುತ್ತಿಗೆಯ ವಿಚಾರವಾಗಿ ಬರಬೇಕಿದ್ದ ದಲ್ಲಾಳಿ ಬರಲಿಲ್ಲ. ಷಡಕ್ಷರಪ್ಪ ಗಲ್ಲಾಪೆಟ್ಟಿಗೆಯ ಮುಂದೆ ತಲೆ ತಗ್ಗಿಸಿ ಕುಳಿತರು. ಶಾಂತಾದೇವಿ ಒಂದು ಲೋಟ ನೀರು ತಂದುಕೊಟ್ಟರು. ಭಾನುವಾರದಿಂದ ಈಚೆಗೆ ಅವರು ಗಂಡನಿಗೆ ಆಡಿದ ಮೊದಲ ಮಾತೆಂದರೆ, "ಕುಡೀರಿ, ಬಿಸಿಲಾಗೈತೆ" ಎಂಬುದು. ಅವರು ಗಟಗಟನೆ ಕುಡಿದರು.

"ಆ ಹುಡುಗ ಒಬ್ಬನೇ ಹೋಗ್ತಾನಲ್ಲ," ಎಂದರು ಷಡಕ್ಷರಪ್ಪ ಆಮೇಲೆ.

ಮೂವರೂ ಸ್ಟೇಷನ್ನಿಗೆ ಹೋದರು. ಸಣ್ಣಯ್ಯ, ತಿಮ್ಮಕ್ಕ ಆಗಲೇ ಅಲ್ಲಿದ್ದರು. ಚಿಕ್ಕಬೀರಯ್ಯ ಡಬ್ಬಿಯ ಬಾಗಿಲಲ್ಲಿ ನಿಂತು, ಮೊದಲ ಸಲ ರೈಲು ಹತ್ತಿದ ಹುರುಪಿನಲ್ಲಿ, ಒಳಗೂ ಹೊರಗೂ ಇಣುಕುತ್ತಿದ್ದ. ಇವರನ್ನು ಕಂಡು ಕೈ ಮುಗಿದ.

"ಮನೇಲಿ ಅಜ್ಜಿ ಒಬ್ಬಳೇ ಅಲ್ಲೇನಪ್ಪ?" ಷಡಕ್ಷರಪ್ಪ ಕೇಳಿದರು.

"ಹೂಂ ಬುದ್ಧಿ. ಎರಡು ಎಮ್ಮೆ ಅವೆ."

"ನೋಡು, ನಿನ್ನ ಅಜ್ಜೀನ ನಾನು..." ಎಂದು ಷಡಕ್ಷರಪ್ಪ ಶುರುಮಾಡಿದರು. ಸುತ್ತ ಜನರಿದ್ದರು, ಪ್ಲಾಟ್‌ಫಾರಂ ತುಂಬ ಕಿವಿಗಳಿದ್ದವು. ಅವರು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡರು.

ಆಗ ಇಂದುಧರ ಮುಂದೆ ಬಂದು ಡಬ್ಬಿಯ ಸರಳು ಹಿಡಿದುಕೊಂಡ. "ಎಮ್ಮೆಗೆ ಹುಲ್ಲು ಯಾವ ಕಡೆಯಿಂದ ತರ್ತಿದ್ದೆ?" ಎಂದು ಕೇಳಿದ.

ಚಿಕ್ಕಬೀರಯ್ಯ ಅವನನ್ನು ವಿಚಿತ್ರವಾಗಿ ನೋಡಿದ. ಆಮೇಲೆ ಮುಖ ಅರಳಿತು. "ಕೆರೆ ಹಿಂದ್ಲ ಗದ್ದೆ ಬದಿನಾಗೆ ಕೊಯ್ರಿ ಧಣಿ. ಕೆರೆ ನೀರು ಹರಿಯೋ ಕ್ವಾಡಿ ಕಡೆ ಹೋಗ್ಬ್ಯಾಡಿ, ಅಲ್ಲಿ ಹಾವವೆ. ದೊಡ್ಡೆಮ್ಮೆ ಸಾಧು. ಚಿಕ್ಕದು ಒದೀತದೆ, ಬಲಗಡೆಯಿಂದ ಹೋಗ್ಬೇಕು. ಅಜ್ಜಿಗೆ ಕಿವಿ ಮಂದ, ಜೋರಾಗ್ ಕೂಗಿ."

"ಬಲಗಡೆಯಿಂದ," ಎಂದ ಇಂದುಧರ.

"ನಾನೂ ಜೊತೇಲಿರ್ತೀನಿ ಬುಡ್ಲಾ," ಎಂದ ಸಣ್ಣಯ್ಯ. "ಇವ್ರಿಗೆ ಕುಡ್ಲು ಹಿಡಿಯಾದೇ ಗೊತ್ತಿಲ್ಲ."

ಗಾರ್ಡು ಸಿಳ್ಳೆ ಊದಿದ. ಗಾಡಿ ಎಳೆದಂತಾಗಿ ಕದಲಿತು. ಚಿಕ್ಕಬೀರಯ್ಯ ಬಾಗಿಲಿನಿಂದ ಬಗ್ಗಿ ಇನ್ನೂ ಏನೋ ಕೂಗಿ ಹೇಳುತ್ತಿದ್ದ, ಎಮ್ಮೆಯ ವಿಷಯವೇ ಇರಬೇಕು. ಗಾಲಿಗಳ ಸದ್ದಿನಲ್ಲಿ ಕೇಳಿಸಲಿಲ್ಲ. ಅದನ್ನು ಕೇಳಿಸಿಕೊಳ್ಳಲು ಇಂದುಧರ ಪ್ಲಾಟ್‌ಫಾರಂ ಮುಗಿಯುವ ತನಕ ಡಬ್ಬಿಯ ಪಕ್ಕದಲ್ಲೇ ಓಡಿದ.